ನಮ್ಮ ಹಿತ್ತಲದ ನೀರಿನ ಇತಿಹಾಸ

ಹೋದ ವರ್ಷ ಶಿವರಾತ್ರಿ ಮುಗಿದ ಮೇಲೆ ನಮ್ಮ ವಾಚನಾಲಯದ ಹಿಂದಿನ ಗೋಡೆಗೆ ಪಾಯ ತೆಗೆಯುವ ಕೆಲಸ ನಡೆದಿತ್ತು. ಮೊದಲು ಅಲ್ಲಿ ಒಂದು ಹಳೆಯ ಮಣ್ಣಿನ ಮನೆ ಇತ್ತು, ಅದು ಬಿದ್ದು ಬಹಳ ವರ್ಷ ಆಗಿದೆ. ಮೊಣಕಾಲುದ್ದ ಅಗೆದಾಗ ಗುದ್ದಲಿಗೆ ಏನೋ ತಾಗಿತು. ಮಣ್ಣು ಸರಿಸಿ ನೋಡಿದರೆ ಒಂದು ಗಡಿಗೆಯ ಬಾಯಿ, ಅದರ ಮೇಲೆ ಚಪ್ಪಟೆ ಕಲ್ಲು. ಸುದ್ದಿ ಊರೆಲ್ಲ ಹಬ್ಬಲು ಹತ್ತು ನಿಮಿಷ ಹಿಡಿಯಲಿಲ್ಲ. ಹುಗಿದಿಟ್ಟ ಹೊನ್ನು ಅಂದರು ಕೆಲವರು. ಸರಪಂಚರನ್ನು ಕರೀರಿ, ಪಂಚನಾಮೆ ಮಾಡ್ರಿ ಅಂದರು ಇನ್ನು ಕೆಲವರು. ಹುಡುಗರು ಮೊಬೈಲ್ ಹಿಡಿದು ನಿಂತರು.

ಕಲ್ಲು ತೆಗೆದರೆ ಒಳಗೆ ಮಣ್ಣು. ಬರೀ ಮಣ್ಣು. ಹೊರಗಿನಿಂದ ಮಾತ್ರ ಗಡಿಗೆಯ ಸುತ್ತ ಒಣಗಿದ ಬೇರುಗಳು ಬಲೆ ಹೆಣೆದಂತೆ ಹೆಣೆದುಕೊಂಡಿದ್ದವು. ಎರಡು ಹೆಜ್ಜೆ ಆಚೆ ಇನ್ನೊಂದು ಸಿಕ್ಕಿತು, ಅದರಾಚೆ ಮತ್ತೊಂದು. ಮೂರರಲ್ಲೂ ಅದೇ ಕಥೆ. ಮಂದಿ ಬೇಸರ ಮಾಡಿಕೊಂಡು ಚದುರಿದರು. ನಮ್ಮ ಓಣಿಯ ಹಿರಿಯಾಕೆ ಒಬ್ಬರು, ಎಂಬತ್ತು ದಾಟಿದವರು, ಕೋಲು ಊರುತ್ತ ಬಂದು ಬಗ್ಗಿ ನೋಡಿ ನಕ್ಕರು. "ಹೊನ್ನೂ ಇಲ್ಲ ಗಿನ್ನೂ ಇಲ್ಲೋ ತಮ್ಮಾ. ಇದು ಗಿಡಕ್ಕ ನೀರ ಕುಡಿಸೋ ಗಡಿಗಿ. ಇಲ್ಲಿ ಒಂದು ಮಲ್ಲಿಗಿ ಬಳ್ಳಿ, ಒಂದು ನಿಂಬಿ ಗಿಡ ಇದ್ದವು. ನಾ ಲಗ್ನಾಗಿ ಬಂದಾಗ ನೋಡೀನಿ."

ನಾನು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವನು. ಚಾಲುಕ್ಯರು, ಬಹಮನಿಯವರು, ಆದಿಲಶಾಹಿ, ಭೋಸಲೆಯವರು, ಎಲ್ಲರನ್ನೂ ಇಸವಿ ಸಹಿತ ಬಾಯಿಪಾಠ ಮಾಡಿಸಿದ್ದೇನೆ. ನನ್ನ ಮನೆಯಿಂದ ನೂರು ಹೆಜ್ಜೆ ದೂರದಲ್ಲಿ ನೆಲದೊಳಗೆ ಇಂಥ ಗಡಿಗೆ ಇವೆ ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ವಾಚನಾಲಯದವರು ಈ ಸಲದ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಗುರುಜಿ ಅಂದಾಗ ರಾಜರ ವಿಷಯ ಬಿಟ್ಟು ಇದನ್ನೇ ಹಿಡಿದೆ. ಅಕ್ಕಲಕೋಟ ಸೀಮೆಯ ಈ ಸುಡು ಬಿಸಿಲಿನಲ್ಲಿ ಹಿತ್ತಲದ ಒಂದು ಗಿಡಕ್ಕೆ ನೀರು ಹೇಗೆ ಮುಟ್ಟುತ್ತಿತ್ತು, ಯಾರ ಕೈಯಿಂದ ಮುಟ್ಟುತ್ತಿತ್ತು ಅನ್ನುವುದೇ ಈ ಬರಹದ ವಿಷಯ.

ಮೊದಲು ನೆಲದ ಮಾತು ಆಗಬೇಕು. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ 500ರಿಂದ 700 ಮಿಲಿಮೀಟರ್. ಅದೂ ಹೇಳಿ ಕೇಳಿ ಬರುವುದಿಲ್ಲ. ಜೂನ್‌ನಲ್ಲಿ ಮುಖ ತೋರಿಸಿ ಮಾಯವಾಗಿ, ಸೆಪ್ಟೆಂಬರಿನಲ್ಲಿ ಒಮ್ಮೆಲೆ ಸುರಿದು ಹೋಗುತ್ತದೆ. ಅದಕ್ಕೇ ನಮ್ಮದು ಹಿಂಗಾರಿ ಜೋಳದ ಸೀಮೆ. ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟಿ 43, 44ಕ್ಕೆ ಹೋಗುತ್ತದೆ. ಮಣ್ಣು ಎರಿ. ಎರಿ ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದರಲ್ಲಿ ಗಟ್ಟಿಗ, ಆದರೆ ಒಣಗಿದಾಗ ಬಿರಿಯುತ್ತದೆ. ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಬಿಸಿಗಾಳಿ ಒಳಗೆ ಹೊಕ್ಕು ಆಳದ ಹಸಿಯನ್ನೂ ಹೀರುತ್ತದೆ. ರೈತನು ಕುಂಟೆ ಹೊಡೆದು ಹೊಲ ಹರಗುವುದು ಬರೀ ಕಸ ತೆಗೆಯಲಿಕ್ಕೆ ಅಲ್ಲ, ಆ ಬಿರುಕಿನ ಬಾಯಿ ಮುಚ್ಚಲಿಕ್ಕೆ. 1930ರ ದಶಕದಲ್ಲಿ ಸರ್ಕಾರ ಸೊಲ್ಲಾಪುರ ಮತ್ತು ವಿಜಯಪುರಗಳಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರ ತೆರೆಯಿತು. ಬದು ಹಾಕಿ ಮಳೆನೀರು ತಡೆಯುವುದು, ಆಗಾಗ ಹರಗಿ ಹಸಿ ಉಳಿಸುವುದು ಅಲ್ಲಿ ಹೇಳಿದ ಮುಖ್ಯ ಪಾಠಗಳಲ್ಲಿ ಸೇರಿದ್ದವು. ನಮ್ಮ ಮುತ್ಯಾಗಳಿಗೆ ಅರ್ಧ ಗೊತ್ತಿದ್ದದ್ದನ್ನೇ ಆಫೀಸಿನವರು ಅಳತೆ ಹಾಕಿ ಪೂರ್ತಿ ಮಾಡಿದರು ಅನ್ನಬಹುದು.

ಹೊಲದ ಮಾತು ಹಾಗಾಯಿತು. ಹಿತ್ತಲದ್ದು ಬೇರೆ. ಹೊಲಕ್ಕೆ ಮಳೆ ದೇವರು, ಹಿತ್ತಲಕ್ಕೆ ಮನೆಯ ಹೆಣ್ಣುಮಕ್ಕಳು.

ಈಗ ದೊಡ್ಡ ಕೆಲಸಗಳ ಕಡೆ ಒಂದು ಸುತ್ತು ಹಾಕಿ ಬರೋಣ. ಅವುಗಳ ಹೆಸರು ಪುಸ್ತಕದಲ್ಲಿವೆ, ಕಲ್ಲಿನ ಮೇಲಿವೆ. 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಈಗಿನ ಸೊಲ್ಲಾಪುರದಲ್ಲಿ, ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದರು. ಅಲ್ಲಮಪ್ರಭು ಬಂದಾಗ ಅವರು ಕೆರೆಯ ಕೆಲಸದಲ್ಲೇ ಇದ್ದರು, ಅಲ್ಲಮರು ಬೇಕಂತಲೇ ಅವರನ್ನು 'ಒಡ್ಡ' ಎಂದು ಕರೆದರು ಅಂತ ಶೂನ್ಯಸಂಪಾದನೆಯಲ್ಲಿ ಕಥೆ ಇದೆ. ಮಣ್ಣು ಹೊರುವವನ ಹೆಸರನ್ನು ಬೈಗುಳ ಅಂತ ಎಣಿಸುವ ಕಾಲದಲ್ಲಿ ಒಬ್ಬ ಶಿವಯೋಗಿ ಆ ಹೆಸರು ಹೊತ್ತುಕೊಂಡದ್ದು ಸಣ್ಣ ಮಾತಲ್ಲ. ಆ ಕೆರೆಯ ನಡುವೆಯೇ ಇಂದಿಗೂ ಗುಡಿ ಇದೆ. ಪ್ರತಿ ಸಂಕ್ರಾಂತಿಗೆ ಗಡ್ಡಾ ಜಾತ್ರೆಗೆ ನಮ್ಮೂರಿಂದ ಮಂದಿ ಹೋಗುತ್ತಾರೆ. ಆ ಜಾತ್ರೆಯಲ್ಲಿ ನಡೆಯುವುದು ಸಿದ್ಧರಾಮರ ಯೋಗದಂಡಕ್ಕೂ ಒಬ್ಬ ಕುಂಬಾರ ಕನ್ಯೆಗೂ ಆದ ಲಗ್ನ. ಕೆರೆ ಕಟ್ಟಿದವನಿಗೆ ಗಡಿಗೆ ಮಾಡುವವರ ಮಗಳು. ಇದರಲ್ಲಿ ನಾನು ದೊಡ್ಡ ಅರ್ಥ ಹುಡುಕುವುದಿಲ್ಲ, ಆದರೆ ಪಾಯದಲ್ಲಿ ಗಡಿಗೆ ಸಿಕ್ಕ ದಿನದಿಂದ ಈ ಲಗ್ನ ನನ್ನ ತಲೆಯೊಳಗೆ ಸುತ್ತುತ್ತಿದೆ.

ನಮ್ಮ ಬೋರಿ ನದಿಯನ್ನೇ ನೋಡಿ. ಅದು ನಮ್ಮ ತಾಲೂಕಿಗೆ ಬರುವ ಮೊದಲು ನಳದುರ್ಗದ ಕೋಟೆ ಹಾದು ಬರುತ್ತದೆ. ಅಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ, 1613ರಲ್ಲಿ, ನದಿಗೆ ಅಡ್ಡ ಕಲ್ಲಿನ ಒಡ್ಡು ಕಟ್ಟಿ, ಒಡ್ಡಿನ ಹೊಟ್ಟೆಯೊಳಗೇ ಪಾಣಿಮಹಲ್ ಕಟ್ಟಿದರು. ಮಳೆಗಾಲದಲ್ಲಿ ನೀರು ಮೇಲಿಂದ ಧುಮುಕುವಾಗ ಒಳಗೆ ಕುಳಿತವರಿಗೆ ಹನಿ ಸಿಡಿಯುವುದಿಲ್ಲ. ವಿಜಯಪುರದಲ್ಲಂತೂ ತೊರವಿಯಿಂದ ನೆಲದೊಳಗೆ ಸುರಂಗ ತೋಡಿ ಊರಿಗೆ ನೀರು ತಂದರು. ಮಣ್ಣಿನ ಕೊಳವೆಯಲ್ಲಿ ನೀರು ಹರಿದು, ನಡುನಡುವೆ ಎತ್ತರದ ಗಂಜ್‌ಗಳಲ್ಲಿ ಏರಿ ಇಳಿದು, ಅರಮನೆ, ಮಸೀದಿ, ತೋಟಗಳಿಗೆ ಹೋಗುತ್ತಿತ್ತು. 1651ರಲ್ಲಿ ಬೇಗಂ ತಾಲಾಬ್ ಆಯಿತು. ಕುಮಟಗಿಯಲ್ಲಿ ನೀರಿನ ನಡುವಿನ ಮಹಲು, ಕಾರಂಜಿ. ನಾನು ಮಕ್ಕಳನ್ನು ಕರೆದುಕೊಂಡು ಸಹಲಿಗೆ ಹೋದಾಗ ಒಬ್ಬ ಹುಡುಗ ಕೇಳಿದ್ದ: "ಗುರುಜಿ, ಕುಡಿಯೋ ನೀರಿಗಿ ಇಷ್ಟು ತ್ರಾಸ ಇರೋ ಊರಾಗ ಆಟಕ್ಕ ಇಷ್ಟು ನೀರ ಯಾಕ?" ಅವನಿಗೆ ಅಂದು ಸರಿಯಾದ ಉತ್ತರ ಕೊಟ್ಟೆನೆಂದು ನನಗೆ ಅನ್ನಿಸುವುದಿಲ್ಲ. ಒಣ ಸೀಮೆಯಲ್ಲಿ ನೀರನ್ನು ಚಿಮ್ಮಿಸುವುದೇ ದೊಡ್ಡಸ್ತಿಕೆಯ ಗುರುತು. ಹಸಿರು ತೋಟ ಅಂದರೆ ನನ್ನ ಕೈಯಲ್ಲಿ ಎಷ್ಟು ಆಳುಗಳಿದ್ದಾರೆ ನೋಡಿ ಎಂದು ತೋರಿಸಿದ ಹಾಗೆ.

ಬ್ರಿಟಿಷರ ಕಾಲಕ್ಕೆ ಬಂದರೆ ಸೊಲ್ಲಾಪುರದ ಹತ್ತಿರ ಆದಿಲಾ ನದಿಗೆ ಏಕರೂಖ ಕೆರೆ, ನಾವು ಹಿಪ್ಪರಗಿ ಕೆರೆ ಅನ್ನುವುದು, 1871ರ ಹೊತ್ತಿಗೆ ಮುಗಿಯಿತು. ಐದೇ ವರ್ಷಕ್ಕೆ ಧಾತು ಸಂವತ್ಸರದ ಬರ ಬಂತು, 1876ರದ್ದು. ಒಂದು ಕೆರೆ ಒಂದು ಸೀಮೆಯನ್ನು ಉಳಿಸಲಿಲ್ಲ. ಸೊಲ್ಲಾಪುರ ಜಿಲ್ಲೆ ಆ ಬರದಲ್ಲಿ ಅತೀ ಹೆಚ್ಚು ಬೆಂದ ಜಿಲ್ಲೆಗಳಲ್ಲಿ ಒಂದು. ಸ್ವಾತಂತ್ರ್ಯದ ನಂತರ ಭೀಮಾ ನದಿಗೆ ಉಜನಿ, ನಮ್ಮ ಬೋರಿಗೆ ಕುರನೂರ ಆಣೆಕಟ್ಟು. ಇವುಗಳ ನೀರು ಕಬ್ಬಿಗೆ ಹೋಯಿತು, ನಗರಕ್ಕೆ ಹೋಯಿತು. ಹಿತ್ತಲದ ಕರಿಬೇವಿನ ಗಿಡಕ್ಕೆ ಯಾವ ಕಾಲುವೆಯೂ ಬರಲಿಲ್ಲ, ಬರುವುದೂ ಇಲ್ಲ.

ಪುಸ್ತಕದಲ್ಲಿ ಏನಿದೆ ಅಂತಲೂ ನೋಡಿದೆ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯ ಕೊಟ್ಟಿದ್ದಾನೆ. ನೆಟ್ಟ ಗಿಡಕ್ಕೆ ಬೇಸಿಗೆಯಲ್ಲಿ ಮುಂಜಾನೆ-ಸಂಜೆ ನೀರು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದರೆ ಮಾತ್ರ ಅನ್ನುವ ಲೆಕ್ಕ ಅವನದ್ದು. ನಮ್ಮ ಕನ್ನಡದಲ್ಲೇ, ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ ಎರಡನೆಯ ಚಾವುಂಡರಾಯನು 'ಲೋಕೋಪಕಾರಂ' ಬರೆದ. ಮನೆ ಕಟ್ಟುವುದು, ಅಡುಗೆ, ದನದ ಔಷಧ ಇವುಗಳ ಜೊತೆಗೆ ನೆಲದೊಳಗಿನ ನೀರು ಗುರುತಿಸುವ ಭಾಗ, ಗಿಡಮರದ ಆರೈಕೆಯ ಭಾಗ ಎರಡೂ ಅದರಲ್ಲಿವೆ. ಸಾವಿರ ವರ್ಷದ ಹಿಂದೆ ಜನರ ಉಪಕಾರಕ್ಕೆ ಅಂತ ಕನ್ನಡದಲ್ಲಿ ಇಂಥ ಪುಸ್ತಕ ಇತ್ತು ಎಂದು ಎಂಟನೆಯ ತರಗತಿಯಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ, ಮಾಸ್ತರರೂ ಕೆಲವರು ನಂಬುವುದಿಲ್ಲ. ಆ ಕಾಲದ ಶಾಸನಗಳಲ್ಲಿ ದೇವರಿಗೆ ಹೂದೋಟ ಬಿಟ್ಟ ದಾನದ ಮಾತು ಮತ್ತೆ ಮತ್ತೆ ಬರುತ್ತದೆ. ದಾನ ಕೊಟ್ಟವನ ಹೆಸರು ಕಲ್ಲಿನ ಮೇಲಿದೆ. ಆ ಹೂಗಿಡಕ್ಕೆ ದಿನವೂ ನೀರು ಹೊತ್ತವರ ಹೆಸರು ಹುಡುಕಿದರೆ ಸಿಗುವುದು ಕಷ್ಟ.

ಗಡಿಗೆ ಹುಗಿಯುವ ಪದ್ಧತಿ ನಮ್ಮೊಬ್ಬರದೇ ಅಂತ ನಾನು ಹೆಮ್ಮೆ ಪಡುವ ಹಾಗಿಲ್ಲ. ಚೀನಾ ದೇಶದಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದೆ ಫಾನ್ ಶೆಂಗ್‌ಝಿ ಅನ್ನುವವನು ಬೇಸಾಯದ ಪುಸ್ತಕದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾನೆ: ಗುಂಡಿಯ ನಡುವೆ ಮಣ್ಣಿನ ಗಡಿಗೆ ಹುಗಿದು, ನೀರು ತುಂಬಿ, ಸುತ್ತ ನಾಲ್ಕು ಕಲ್ಲಂಗಡಿ ಜಾತಿಯ ಬೀಜ ಊರಿ, ಗಡಿಗೆಯ ಬಾಯಿಗೆ ಹೆಂಚು ಮುಚ್ಚಬೇಕು. ಹರಿಯಾಣದ ಕರ್ನಾಲದ ಸಂಶೋಧಕರು 1970ರ ದಶಕದಲ್ಲಿ ಇದನ್ನೇ ಮತ್ತೆ ಪರೀಕ್ಷಿಸಿ ಸವಳು ನೆಲದಲ್ಲೂ ತರಕಾರಿ ಬೆಳೆದು ತೋರಿಸಿದರು. ಎಲ್ಲಿ ಕುಂಬಾರ ಇದ್ದನೋ, ಎಲ್ಲಿ ನೀರಿಗೆ ಬರ ಇತ್ತೋ, ಅಲ್ಲಿ ಈ ಬುದ್ಧಿ ಹುಟ್ಟಿದೆ.

ಅದರೊಳಗಿನ ಗುಟ್ಟು ಸರಳ. ಬ್ಯಾಸಿಗಿಯಲ್ಲಿ ನಾವು ಕುಡಿಯುವ ನೀರಿಗೆ ಮಣ್ಣಿನ ಮಾಠ ಇಡುತ್ತೇವಲ್ಲ, ಅದರ ಮೈ ಯಾವಾಗಲೂ ಹಸಿ. ಸಣ್ಣ ಸಣ್ಣ ರಂಧ್ರದಿಂದ ನೀರು ಜಿನುಗಿ ಗಾಳಿಗೆ ಆರುತ್ತದೆ, ಒಳಗಿನ ನೀರು ತಂಪಾಗುತ್ತದೆ. ಅದೇ ಮಾಠವನ್ನು ಕುತ್ತಿಗೆವರೆಗೆ ನೆಲದಲ್ಲಿ ಹುಗಿದರೆ ಜಿನುಗಿದ ನೀರು ಗಾಳಿಗೆ ಹೋಗದೆ ಮಣ್ಣಿಗೆ ಹೋಗುತ್ತದೆ. ಸುತ್ತಲಿನ ಮಣ್ಣು ಒಣಗಿದ್ದರೆ ಅದು ಹೆಚ್ಚು ಎಳೆಯುತ್ತದೆ, ಹಸಿಯಾಗಿದ್ದರೆ ಗಡಿಗೆ ತಾನೇ ಕೈ ಬಿಗಿ ಹಿಡಿಯುತ್ತದೆ. ಯಾರೂ ಗೇಟ್ ವಾಲ್ವ್ ತಿರುಗಿಸಬೇಕಿಲ್ಲ. ಬೇರಿಗೆ ಇದು ತಿಳಿಯುತ್ತದೆ. ಅದಕ್ಕೇ ನಮ್ಮ ಪಾಯದಲ್ಲಿ ಸಿಕ್ಕ ಗಡಿಗೆಗಳನ್ನು ಬೇರು ಹಾಗೆ ಅಪ್ಪಿಕೊಂಡಿದ್ದವು.

ಈ ಗಡಿಗೆಯ ಹೊರತಾಗಿ ಮನೆಮನೆಯಲ್ಲಿ ನಡೆದಿದ್ದು ಇನ್ನೊಂದು ಲೆಕ್ಕ. ನೀರಿಗೆ ಎರಡು ಜನ್ಮ ಇತ್ತು. ರಂಜಣಗಿ ತೊಳೆದ ನೀರು ತುಳಸಿಗೆ. ಅಕ್ಕಿ, ಬ್ಯಾಳಿ ತೊಳೆದ ನೀರು ಮಲ್ಲಿಗಿ, ಅಬ್ಬಲಿಗಿಗೆ. ಮುಸುರಿ ದನಕ್ಕೆ. ಬಚ್ಚಲ ನೀರು ಸಣ್ಣ ಹರಿ ಹಿಡಿದು ಬಾಳಿ ಗಿಡಕ್ಕೆ, ಪಪ್ಪಾಯಿಗೆ. ತುಳಸಿಗೆ ಎಂಜಲು ನೀರು ನಡೆಯದು, ಬಾಳಿಗೆ ಎಲ್ಲಾ ನಡೆಯುತ್ತದೆ. ಇದನ್ನು ಮಡಿ-ಮೈಲಿಗೆ ಅಂತ ನಾವು ಓದಿದವರು ನಗುತ್ತಿದ್ದೆವು. ಈಗ ನೋಡಿದರೆ ಅದರೊಳಗೆ ಸ್ವಲ್ಪ ಲೆಕ್ಕವೂ ಇತ್ತು, ಎಳೆ ಗಿಡಕ್ಕೆ ಸ್ವಚ್ಛ ನೀರು, ಗಟ್ಟಿ ಗಿಡಕ್ಕೆ ಬಳಸಿದ ನೀರು. ಗಿಡದ ಬುಡಕ್ಕೆ ಜೋಳದ ಕಣಕಿ, ಶೇಂಗಾ ಹೊಟ್ಟು, ಕಬ್ಬಿನ ರವದಿ ಹಾಸುತ್ತಿದ್ದರು. ಬಿಸಿಲು ಮಣ್ಣಿಗೆ ನೇರ ಬೀಳದಿದ್ದರೆ ಸಂಜೆ ಹಾಕಿದ ಒಂದು ಚರಿಗೆ ನೀರು ಮರುದಿನ ಸಂಜೆವರೆಗೂ ಇರುತ್ತದೆ. ಮಟಮಟ ಮಧ್ಯಾಹ್ನ ನೀರು ಹಾಕಿದರೆ ಆಯಿ ಬೈಯುತ್ತಿದ್ದಳು: "ಕಾದ ಹಂಚಿನ ಮ್ಯಾಲ ನೀರ ಹಾಕ್ತೀ ಏನೋ, ಚುರ್ ಅಂತದ ನೋಡು."

ಶಿವನ ಗುಡಿಯಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ಎಲ್ಲರೂ ನೋಡಿದ್ದೀರಿ. ತಳದ ಸಣ್ಣ ತೂತಿನಿಂದ ಹನಿ ಹನಿ ಬೀಳುತ್ತದೆ. ಒಡಿಶಾದ ಮಂದಿ ಮೇಷ ಸಂಕ್ರಮಣದಿಂದ ತುಳಸಿ ಕಟ್ಟೆಯ ಮೇಲೆ ಇಂಥದ್ದೇ ಗಡಿಗೆ ಕಟ್ಟುತ್ತಾರೆ, ಬೇಸಿಗೆಯಲ್ಲಿ ತುಳಸಿ ಬಾಡಬಾರದು ಅಂತ. ಇಸ್ರೇಲಿನ ಸಿಮ್ಕಾ ಬ್ಲಾಸ್ ಪ್ಲಾಸ್ಟಿಕ್ ಕೊಳವೆಯಿಂದ ಹನಿ ಹಾಕುವ ಸಾಧನ ತಯಾರಿಸಿ, 1965ರಲ್ಲಿ ಅದಕ್ಕೆ ಕಾರ್ಖಾನೆಯೂ ಆಯಿತು. ನಮ್ಮ ಜಿಲ್ಲೆಯ ದಾಳಿಂಬೆ ಇಂದು ಊರೂರು ಹೋಗುತ್ತಿರುವುದು ಆ ಡ್ರಿಪ್ಪಿನ ಬಲದಿಂದ. ಮರಾಠಿಯವರು ಅದಕ್ಕೆ ಠಿಬಕ ಅನ್ನುತ್ತಾರೆ, ಕೃಷಿ ಇಲಾಖೆಯ ಕನ್ನಡದಲ್ಲಿ ಹನಿ ನೀರಾವರಿ, ನಮ್ಮೂರ ರೈತ ಮಾತ್ರ ಡ್ರಿಪ್ಪೇ ಅನ್ನುತ್ತಾನೆ. 2005ರಲ್ಲಿ ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವೂ ಬಂತು. ಒಣ ನೆಲ ಕೆಟ್ಟದ್ದಲ್ಲ ಅಂತ ದಾಳಿಂಬೆ ತೋರಿಸಿಕೊಟ್ಟಿದೆ.

ಇಷ್ಟೆಲ್ಲ ಬರೆದ ಮೇಲೆ ನಾನು ತಪ್ಪಿಸಿಕೊಳ್ಳಲಾಗದ ಒಂದು ವಿಷಯ ಇದೆ. 1972.

ಆಗ ನನಗೆ ಹತ್ತು ವರ್ಷ. ಮಳೆ ಅದಕ್ಕೂ ಹಿಂದಿನಿಂದಲೇ ಕೈಕೊಟ್ಟಿತ್ತು, ಆ ವರ್ಷ ಪೂರ್ತಿ ಹೋಯಿತು. ಹೊಲದಲ್ಲಿ ಜೋಳದ ಒಂದು ತೆನೆ ಇಲ್ಲ. ರೇಶನ್ನಿನಲ್ಲಿ ಅಮೇರಿಕದ ಕೆಂಪು ಜೋಳ, ಮಿಲೋ, ಕೊಡುತ್ತಿದ್ದರು. ರೊಟ್ಟಿ ಹರಿದು ಹೋಗುತ್ತಿತ್ತು, ತಟ್ಟಲಿಕ್ಕೆ ಬರುತ್ತಿರಲಿಲ್ಲ. ಮಕ್ಕಳಿಗೆ ಸುಕಡಿ. ಅಪ್ಪ, ಅವ್ವ ಇಬ್ಬರೂ ಸರ್ಕಾರದ ಬರಗಾಲದ ಕೆಲಸಕ್ಕೆ ಹೋಗಿ ಖಡಿ ಒಡೆದರು. ಮುಂದೆ ರೋಜಗಾರ ಹಮಿ ಅಂತ ಕಾನೂನಾದದ್ದು ಆ ಕೆಲಸವೇ. ಹಿರಿಯರು ಹೇಳುವ ಮಾತು ಖರೆ: 1972ರ ಬರ ಅನ್ನದ ಬರ, 2012-13ರ ಬರ ನೀರಿನ ಬರ. ಅಂದು ಬೋರ್‌ವೆಲ್ ಇರಲಿಲ್ಲ, ನೆಲದ ಹೊಟ್ಟೆಯೊಳಗೆ ಇನ್ನೂ ಸ್ವಲ್ಪ ನೀರಿತ್ತು. ನಮ್ಮ ಮನೆಯ ಬಾವಿಯಲ್ಲಿ ದಿನಕ್ಕೆ ಹದಿನೈದು ಇಪ್ಪತ್ತು ಕೊಡ ಸಿಗುತ್ತಿತ್ತು. ಸೇದಿದ ಮೇಲೆ ಸೆಲೆ ಊರಲು ಕಾಯಬೇಕಿತ್ತು.

ನಮ್ಮ ಹಿತ್ತಲದಲ್ಲಿ ಒಂದು ನಿಂಬಿ ಗಿಡ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ತನ್ನ ತವರಿನಿಂದ ತಂದು ಹಚ್ಚಿದ್ದು. ಅಪ್ಪ ಅಂದ: "ಎತ್ತಿಗಿ ನೀರಿಲ್ಲ, ನಿಂಬಿಗೆಲ್ಲಿಂದ ತರ್ತಿ ಯವ್ವಾ? ಬಿಟ್ಟುಬಿಡು." ಆಯಿ ಬಿಡಲಿಲ್ಲ. ಎತ್ತಿನ ಪಾಲು ಮುಟ್ಟುವುದಿಲ್ಲ, ನನ್ನ ಪಾಲು ನನಗೆ ಕೊಡು ಅಂದಳು. ತನ್ನ ಸ್ನಾನವನ್ನು ವಾರಕ್ಕೆ ಎರಡೇ ಸಲಕ್ಕೆ ಇಳಿಸಿದಳು. ಮಣೆ ಹಾಕಿಕೊಂಡು ಗಿಡದ ಬುಡದಲ್ಲೇ ಕೂತು ಮೈ ತೊಳೆದುಕೊಳ್ಳುತ್ತಿದ್ದಳು, ಸುತ್ತ ಹಳೆ ಸೀರೆ ಕಟ್ಟಿ. ಉಳಿದ ದಿನ ಒಂದು ತಂಬಿಗೆ, ಎಣಿಸಿ. ಆ ಗಿಡ ಆ ವರ್ಷ ಎಲೆ ಉದುರಿಸಿತು, ಟೊಂಗೆ ಒಣಗಿತು, ಆದರೆ ಸಾಯಲಿಲ್ಲ. 1973ರಲ್ಲಿ ಮಳೆ ಬಿದ್ದ ಮೇಲೆ ಬುಡದಿಂದ ಚಿಗುರಿತು. ಮುಂದೆ ಇಪ್ಪತ್ತು ವರ್ಷ ಕಾಯಿ ಕೊಟ್ಟಿತು. ಈ ಕಥೆಯನ್ನು ನಾನು ಶಾಲೆಯಲ್ಲಿ ಪರಿಸರ ದಿನಕ್ಕೆ ಎಷ್ಟೋ ಸಲ ಹೇಳಿದ್ದೇನೆ. ಮಕ್ಕಳು ಚಪ್ಪಾಳೆ ಹೊಡೆದಿದ್ದಾರೆ.

ಅರ್ಧ ಕಥೆ ಹೇಳಿದ್ದೆ. ಇನ್ನರ್ಧ ಈ ಲೇಖನಕ್ಕಾಗಿ ಹಿರಿಯರನ್ನು ಕೇಳುತ್ತ ತಿರುಗುವಾಗ ಸಿಕ್ಕಿತು. ಊರ ಕೆಳಗಿನ ಕೇರಿಯಲ್ಲಿ ಒಬ್ಬ ಅಜ್ಜಿಯ ಹತ್ತಿರ ಹೋದೆ. ನಿಮ್ಮ ಹಿತ್ತಲಕ್ಕೆ ಹೇಗೆ ನೀರು ಹಾಕುತ್ತಿದ್ದಿರಿ ಅಂತ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ನಮಗ ಹಿತ್ತಲ ಎಲ್ಲಿತ್ರೀ ಗುರುಜಿ? ಹಿತ್ತಲ ಇರ್ಬೇಕಂದ್ರ ಬಾವಿ ಇರ್ಬೇಕು. ಬಾವಿ ಇದ್ರೂ ಮುಟ್ಟಾಕ ಬಿಡ್ಬೇಕು. ಎಪ್ಪತ್ತೆರಡರ ಬರದಾಗ ನಾನು ನಿಮ್ಮ ಮನಿ ಹಿಂದ ಕೊಡ ಇಟ್ಕೊಂಡು ನಿಂದರ್ತಿದ್ದೆ. ನಿಮ್ಮ ಆಯಿ ಕೈಲಿಂದ ಹಾಕ್ಬೇಕು, ನಾವು ಹಗ್ಗ ಮುಟ್ಟೂ ಹಂಗಿಲ್ಲ. ಒಂದಿನ ಆಯಿ ನಿಂಬಿ ಗಿಡಕ್ಕ ತಂಬಿಗಿ ಹಾಕಿ, ಸೆಲಿ ಊರ್ಲಿ ನಿಂದ್ರು ಅಂದ್ಲು. ನಾ ಮಗೂನ್ನ ಎತ್ಕೊಂಡು ನಿಂತಿದ್ದೆ. ನಿಂಬಿ ಗಿಡ ನಮಕಿಂತ ಪುಣ್ಯಾ ಮಾಡಿ ಬಂದದ ಅಂತ ಅನಿಸ್ತು ನೋಡ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಚಹಾ ಕುಡಿದು ಹೋಗ್ರಿ ಅಂದಳು. ಚಹಾ ಗಂಟಲಲ್ಲಿ ಇಳಿಯುವುದು ತಡವಾಯಿತು.

ಸಾರ್ವಜನಿಕ ಬಾವಿ, ಕೆರೆಗಳು ಎಲ್ಲರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನಸಭೆಯಲ್ಲಿ ಎಸ್. ಕೆ. ಬೋಲೆಯವರು ಠರಾವು ತಂದದ್ದು 1923ರಲ್ಲಿ. ಡಾ. ಅಂಬೇಡ್ಕರ್ ಅವರು ಮಹಾಡದ ಚವದಾರ ಕೆರೆಯ ನೀರು ಕುಡಿದದ್ದು 1927ರ ಮಾರ್ಚ್ 20ರಂದು. ಸಂವಿಧಾನ ಬಂದದ್ದು 1950, ಅಸ್ಪೃಶ್ಯತೆಯ ವಿರುದ್ಧ ಕಾನೂನು 1955. ಇವೆಲ್ಲ ಇಸವಿಗಳನ್ನು ನಾನೇ ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೆ. 1972ರಲ್ಲಿ ನಮ್ಮ ಮನೆಯ ಹಿತ್ತಲದಲ್ಲಿ ಒಬ್ಬಾಕೆ ಕೊಡ ಇಟ್ಟುಕೊಂಡು ನಿಂತದ್ದು ಮಾತ್ರ ನನ್ನ ಪಾಠದಲ್ಲಿ ಇರಲಿಲ್ಲ, ಹತ್ತು ವರ್ಷದ ನನ್ನ ಕಣ್ಣಿಗೆ ಬಿದ್ದೇ ಇದ್ದರೂ. ಆಯಿ ಕೆಟ್ಟವಳಲ್ಲ. ತನ್ನ ಸ್ನಾನದ ನೀರನ್ನೇ ಗಿಡಕ್ಕೆ ಕೊಟ್ಟವಳು. ಆದರೆ ಆ ಲೆಕ್ಕದಲ್ಲಿ ಕೇರಿಯ ಹೆಣ್ಣುಮಗಳ ಪಾಲು ಎತ್ತಿನ ಪಾಲಿನ ನಂತರ ಬರುತ್ತಿತ್ತು. ಅದನ್ನು ಬರೆಯದೆ ನಿಂಬಿ ಗಿಡದ ಕಥೆ ಬರೆದರೆ ಅದು ಇತಿಹಾಸ ಆಗುವುದಿಲ್ಲ ಅಂತ ನನಗೆ ಅನಿಸಿತು.

ನಂತರದ ಕಾಲದ ಬಗ್ಗೆ ಬಹಳ ಹೇಳುವುದಿಲ್ಲ, ಎಲ್ಲರೂ ಕಂಡಿದ್ದೀರಿ. ಬೋರ್‌ವೆಲ್ ಬಂತು. ಇನ್ನೂರು ಅಡಿ ಇದ್ದದ್ದು ನಾಲ್ಕುನೂರು ಆಯಿತು, ಆರುನೂರು ಆಯಿತು. ನಳ ಬಂತು, ಪೈಪ್ ಹಿಡಿದು ಅಂಗಳ ತೊಳೆಯುವ ಚಟ ಬಂತು. ಆಮೇಲೆ ಅಂಗಳವೇ ಸಿಮೆಂಟ್ ಆಯಿತು, ಹಿತ್ತಲ ಹೋಗಿ ಸ್ಲ್ಯಾಬ್ ಬಂತು, ಗಿಡ ಪ್ಲಾಸ್ಟಿಕ್ ಕುಂಡೆಗೆ ಏರಿತು. ಸ್ಲ್ಯಾಬಿನ ಮೇಲಿನ ಕುಂಡೆಗೆ ನಾಲ್ಕು ಕಡೆಯಿಂದಲೂ ಬಿಸಿಲು, ಬೇರು ಬೆಂದೇ ಹೋಗುತ್ತದೆ. 2013ರ ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ್ದು ನೆನಪಿದೆ. 2016ರಲ್ಲಿ ಪಕ್ಕದ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತಂದರು. ಒಂದು ಚಮತ್ಕಾರ ಅಂದರೆ, ಟ್ಯಾಂಕರಿನ ಮುಂದೆ ಎಲ್ಲಾ ಓಣಿಯವರೂ ಒಂದೇ ಸಾಲಿನಲ್ಲಿ ನಿಂತಿದ್ದೆವು. ಜಗಳ ಇತ್ತು, ಆದರೆ ಸಾಲು ಒಂದೇ ಇತ್ತು.

ಶಾಲೆಯ ಗಿಡಗಳ ಗೋಳು ಮಾಸ್ತರರಿಗೆ ಗೊತ್ತು. ಜುಲೈನಲ್ಲಿ ವೃಕ್ಷಾರೋಪಣ, ಫೋಟೋ. ಏಪ್ರಿಲ್ ಕೊನೆಗೆ ಸುಟ್ಟಿ. ಜೂನ್‌ನಲ್ಲಿ ಬಾಗಿಲು ತೆರೆದಾಗ ಕಡ್ಡಿ ಮಾತ್ರ ಉಳಿದಿರುತ್ತದೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಒಂದೇ ಗುಂಡಿಗೆ ಐದು ವರ್ಷ ಐದು ಗಿಡ ಹಚ್ಚಿದ್ದೇವೆ. ತಪ್ಪಿನಲ್ಲಿ ನನ್ನ ಪಾಲೂ ಇದೆ, ಸುಟ್ಟಿಯಲ್ಲಿ ನಾನು ಊರಿಗೆ ಹೋಗುತ್ತಿದ್ದೆ.

ಅದಕ್ಕೇ ಗಡಿಗೆ ಸಿಕ್ಕ ಮೇಲೆ ವಾಚನಾಲಯದ ಹಿಂದೆ ಹೊಸದಾಗಿ ಹನ್ನೆರಡು ಗಿಡ ಹಚ್ಚಿ ಗಡಿಗೆ ಹುಗಿದು ನೋಡೋಣ ಅಂದೆವು. ಬೇವು ಮೂರು, ನಿಂಬಿ ಎರಡು, ಕರಿಬೇವು ಎರಡು, ನುಗ್ಗಿ, ಪೇರಲ, ದಾಸವಾಳ, ಎರಡು ಮಲ್ಲಿಗಿ. ಕುಂಬಾರರ ಹತ್ತಿರ ಹೋದರೆ ಅವರು ಕೆಂಪಗೆ ಸುಟ್ಟ ಚಂದದ ಮಾಠ ತೋರಿಸಿದರು. ಇಷ್ಟು ಚಲೋ ಬ್ಯಾಡ, ಸ್ವಲ್ಪ ಕಡಿಮಿ ಸುಟ್ಟದ್ದು, ಬಣ್ಣ ಹಚ್ಚದ್ದು ಕೊಡ್ರಿ ಅಂದೆ. "ಕೆಟ್ಟ ಗಡಿಗಿ ಬೇಡೋ ಗಿರಾಕಿ ನನ್ನ ಜನ್ಮದಾಗ ಇವತ್ತೇ ನೋಡಿದ್ನಿ" ಅಂತ ಅವರು ನಕ್ಕರು. ನೀರು ತುಂಬಿ ಒಂದು ರಾತ್ರಿ ಇಟ್ಟು, ಮುಂಜಾನೆ ಹೊರಮೈ ಹಸಿಯಾದದ್ದನ್ನೇ ಆರಿಸಿದೆವು. ಸುಮಾರು ಎಂಟು ಲೀಟರ್ ಹಿಡಿಯುವಂಥವು.

ಮೊದಲ ಸಲ ತಪ್ಪು ಮಾಡಿದೆವು. ಎರಿ ಮಣ್ಣಿನಲ್ಲಿ ನೇರ ಹುಗಿದೆವು. ಮಳೆಗಾಲದಲ್ಲಿ ಎರಿ ಉಬ್ಬಿ ಎರಡು ಗಡಿಗೆ ಒಡೆದವು. ಆಮೇಲೆ ಗುಂಡಿ ಅಗಲ ಮಾಡಿ, ಗಡಿಗೆಯ ಸುತ್ತ ಗರಸು, ಮರಳು, ತಿಪ್ಪೆ ಗೊಬ್ಬರ ಕೂಡಿಸಿ ತುಂಬಿದೆವು. ಗಿಡದಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರ. ಬಾಯಿಗೆ ಹಂಚಿನ ಚೂರು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ, ಓತಿಕ್ಯಾತ ಬೀಳುತ್ತದೆ. ಸುತ್ತ ರವದಿ ಹಾಸಿಗೆ. ಈ ಏಪ್ರಿಲ್-ಮೇ ತಿಂಗಳಲ್ಲಿ ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕಾಯಿತು. ಒಂದು ಗಿಡಕ್ಕೆ ದಿನಕ್ಕೆ ಎರಡು ಲೀಟರ್ ಬಿತ್ತು. ಹಿಂದೆ ಇಷ್ಟೇ ಗಿಡಕ್ಕೆ ದಿನಕ್ಕೊಂದು ಬಕೆಟ್ ಸುರಿದೂ ಒಣಗಿಸಿದ್ದೆವು. ನಮ್ಮ ಬೋರಿನ ನೀರು ಸವಳು, ಆದ್ದರಿಂದ ಎರಡು ಮೂರು ವರ್ಷಕ್ಕೆ ಗಡಿಗೆಯ ರಂಧ್ರ ಉಪ್ಪಿನಿಂದ ಕಟ್ಟಿಕೊಳ್ಳಬಹುದು, ಆಗ ಬದಲಿಸಬೇಕು. ಮಳೆನೀರು ಹಿಡಿದಿಟ್ಟು ಹಾಕಿದರೆ ಹೆಚ್ಚು ದಿನ ಬಾಳಬಹುದು.

ಯಾರು ತುಂಬಬೇಕು ಅನ್ನುವುದೇ ದೊಡ್ಡ ಪ್ರಶ್ನೆ ಆಯಿತು. ಮೊದಲ ಸಭೆಯಲ್ಲಿ ಎಲ್ಲರೂ ಗಡಿಗೆ ಹೊಗಳಿದರು, ಹೆಸರು ಕೊಡಿ ಅಂದಾಗ ಮೊಬೈಲ್ ನೋಡಿದರು. ಕೊನೆಗೆ ನಾಲ್ಕು ಓಣಿಯಿಂದ ಮೂರು ಮೂರು ಮನೆ ಅಂತ ಹನ್ನೆರಡು ಹೆಸರಿನ ಪಟ್ಟಿ ಮಾಡಿ ವಾಚನಾಲಯದ ಬಾಗಿಲಿಗೆ ಹಚ್ಚಿದೆವು. ಕೇರಿಯ ಮೂರು ಮನೆಗಳಲ್ಲಿ ಆ ಅಜ್ಜಿಯ ಮನೆಯೂ ಒಂದು. ಯಾವ ಗಿಡ ಬೇಕು ಅಂತ ಕೇಳಲಿಕ್ಕೆ ಹೋದಾಗ ನಾನು ನಿಂಬಿಯ ಹೆಸರು ಎತ್ತಲಿಲ್ಲ. ಆಕೆ ಮಲ್ಲಿಗಿ ಅಂದಳು. ನಿಂಬಿಗೆ ಮುಳ್ಳು ಇರ್ತಾವ, ಹುಡುಗರಿಗೆ ಚುಚ್ಚತಾವ ಅಂದಳು.

ಈ ಬೇಸಿಗೆ ದಾಟಿದಾಗ ಹನ್ನೆರಡರಲ್ಲಿ ಒಂಬತ್ತು ಉಳಿದಿವೆ. ಪೇರಲ ಮತ್ತು ಒಂದು ಕರಿಬೇವು ಒಣಗಿದವು. ಒಂದು ಬೇವನ್ನು ಆಡು ತಿಂದಿತು, ಅದಕ್ಕೆ ಗಡಿಗೆ ಏನು ಮಾಡೀತು? ಪಾಯದಲ್ಲಿ ಸಿಕ್ಕ ಮೂರು ಹಳೆ ಗಡಿಗೆಗಳಲ್ಲಿ ಒಂದು ಮಾತ್ರ ಪೂರ್ತಿ ಇದೆ. ಅದನ್ನು ತೊಳೆದು ವಾಚನಾಲಯದ ಕಪಾಟಿನ ಮೇಲೆ ಇಟ್ಟಿದ್ದೇವೆ, ಬೇರು ಅಂಟಿದ ಗುರುತು ಇನ್ನೂ ಅದರ ಮೈಮೇಲೆ ಇದೆ. ನೋಡಬೇಕೆನ್ನುವವರು ಸಂಜೆ ಐದರಿಂದ ಎಂಟರೊಳಗೆ ಬರಬಹುದು. ಪಟ್ಟಿಯಲ್ಲಿ ಮೂರು ಗಿಡದ ಜಾಗ ಖಾಲಿ ಇದೆ.